ಬಾಳಗೌಡ ಕಾಕಾರ ಅಂಜಿಕೆ

ಯುದ್ಧಕ್ಕೆ ಹೋಗಿ ಬಂದ ಮನುಷ್ಯ ರಸ್ತೆಯ ಗುಂಡಿಗೆ ಅಂಜುತ್ತಾನೆಂದರೆ ಯಾರಾದರೂ ನಂಬುತ್ತಾರೆಯೇ? ಇಚಲಕರಂಜಿಯ ನಮ್ಮ ಗಲ್ಲಿಯ ಬಾಳಗೌಡ ಕಾಕಾ ಅಂಜುತ್ತಿದ್ದರು. ಮಳೆನೀರು ನಿಂತಲ್ಲೆಲ್ಲ ಕೊಡೆಯ ತುದಿ ಊರಿ ನೋಡಿಯೇ ಕಾಲಿಡುವರು. ಅವರ ಜೊತೆ ಸಂತೆಗೆ ಹೊರಟರೆ ನಾವು ಮುಟ್ಟುವಷ್ಟರಲ್ಲಿ ಸಂತೆ ಮುಗಿದಿರುತ್ತಿತ್ತು. ಮಗ್ಗದ ಹುಡುಗರು, “ಕಾಕಾ, ಎಷ್ಟ್ ಖೋಲ ಐತ್ರಿ, ಎಷ್ಟ್ ಆಳ?” ಎಂದು ಕಾಡಿದರೆ, “ನಗ್ರೋ, ನಗ್ರಿ. ಪಾಣ್ಯಾಚಾ ಭರವಸಾ ನಾಹೀ! ನೀರ ನಂಬಬಾರ್ದು,” ಎನ್ನುವರು.

ಬಾಂಗ್ಲಾ ಯುದ್ಧದಲ್ಲಿ ಅವರು, ಸೈನಿಕರನ್ನು ಹಡಗಿನಿಂದ ಸಮುದ್ರದ ದಂಡೆಗೆ ಮುಟ್ಟಿಸುವ ದೋಣಿಯಲ್ಲಿದ್ದರಂತೆ. ಅದರ ಮುಂಬಾಗಿಲೇ ಕೆಳಗೆ ಬಿದ್ದು ಇಳಿಯುವ ಹಲಗೆಯಾಗುತ್ತಿತ್ತಂತೆ. ಅದಕ್ಕಿಂತ ಹೆಚ್ಚು ಕೇಳಿದರೆ ಚಹಾ ಅರ್ಧಕ್ಕೇ ಬಿಟ್ಟು ಎದ್ದುಬಿಡುವರು.

ಪಂಚಗಂಗೆಯ ನೀರು ಗಲ್ಲಿಗೆ ನುಗ್ಗಿದ ವರ್ಷ, ಎಳೆಯ ಮಗಳನ್ನೆತ್ತಿಕೊಂಡು ನಾನು ರಕ್ಷಣೆಯ ಬೋಟು ಹತ್ತಿದೆ. ಕಾಕಾ ಬಾಗಿಲ ಚೌಕಟ್ಟು ಬಿಡಲೊಲ್ಲರು, ಎಳೆದು ಕೂರಿಸಬೇಕಾಯಿತು. ಕೊಡೆ ಮಾತ್ರ ಕೈಯಲ್ಲೇ ಇತ್ತು. ಸುತ್ತ ಕಪ್ಪು ನೀರು ಸುಳಿಯುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ತಳ ಗರ್ರೆಂದು ಉಜ್ಜಿ ಬೋಟು ನಿಂತಿತು. “ಆಲಾ, ರಸ್ತಾ ಆಲಾ! ರಸ್ತೆ ಬಂತು!” ಎಂದು ಹಿಂದಿನವರು ಎದ್ದು ದೂಡಿದರು. ಮುಂದಿದ್ದ ನಾನು ಒಂದು ಕಾಲು ಆಚೆಗೆ ಹಾಕಿಯೇಬಿಟ್ಟಿದ್ದೆ. ಕಾಕಾ ನನ್ನ ಸೆರಗು ಹಿಡಿದು ಜಗ್ಗಿದರು.

“ಇಳೀಬ್ಯಾಡ! ತಳ ತಾಗಿದ್ರ ದಂಡಿ ಬಂತಂತ ಅಲ್ಲ!”

ಕೊಡೆಯನ್ನು ನೀರಿಗೆ ಇಳಿಸಿದರು. ಕೊಡೆ ಮುಳುಗಿತು, ತೋಳು ಭುಜದವರೆಗೆ ಮುಳುಗಿತು, ನೆಲ ಸಿಗಲಿಲ್ಲ. ಬೋಟು ನಿಂತದ್ದು ಹಾಳುಬಾವಿಯ ಕಟ್ಟೆಯ ಮೇಲೆ. ನಾನು ಕಾಲು ಚಾಚಿದ್ದು ಬಾವಿಯ ಬಾಯಿಗೆ. ಆ ಉಜ್ಜಿದ ಸದ್ದು ನೆನೆದರೆ ಈಗಲೂ ಮಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತೇನೆ.

ನಮ್ಮನ್ನು ಶಾಲೆಯೊಂದರಲ್ಲಿ ಇಳಿಸಿದರು. ಕಾಕಾ ಈ ಸಲ ಚಹಾ ಬಿಟ್ಟು ಏಳಲಿಲ್ಲ. ಕೇಳದೆಯೇ ಹೇಳತೊಡಗಿದರು.

“ಅಲ್ಲೂ ಹಿಂಗ ತಳ ತಾಗ್ತು. ಬಾಗಲಾ ಬಿತ್ತು. ಅದು ಉಸುಕಿನ ದಿಬ್ಬ, ಆಚೀಕ ಭಾಳ ಖೋಲ. ನನ್ನ ಮುಂದಿದ್ದ ನೇಸರಿ ಊರಿನ ಹುಡುಗ ಬೆನ್ನಮ್ಯಾಲ ವಜ್ಜಿ ಹೊತ್ತು ಜಿಗದಾ. ಮ್ಯಾಲ ಬರ್ಲೇ ಇಲ್ಲ. ಅಂವ ಮುಳುಗಿದ್ದಕ್ಕ ನನಗ ಆಳ ತಿಳೀತು, ಯವ್ವಾ.”

“ಯಾರಿಗೂ ಯಾಕ ಹೇಳ್ಲಿಲ್ರಿ?”

“ಏನಂತ ಹೇಳ್ಲಿ? ಅಂಜಿಕಿ ಇನ್ನೂ ಹೋಗಿಲ್ಲ.”

ಅಂದೇ ಸಂಜೆ ಗಡಹಿಂಗ್ಲಜದಿಂದ ಅವರ ಮಗಳು ಬಂದು ಕರೆದೊಯ್ದಳು. ದೀಪಾವಳಿಗೆ ಮುನ್ನ ಅಲ್ಲೇ ತೀರಿಕೊಂಡರು. ನಾನು ಅವರನ್ನು ಮತ್ತೆ ನೋಡಲಿಲ್ಲ. ಆ ಸಂಜೆ ಶಾಲೆಯಿಂದ ಅವರು ಹೊರಡುವ ಹೊತ್ತಿಗೆ ನನ್ನ ಮಗಳು ಅವರ ತೊಡೆಯ ಮೇಲೆ ನಿದ್ದೆಹೋಗಿದ್ದಳು. ಎತ್ತಿಕೊಳ್ಳಲು ಬಾಗಿದರೆ, ಅವಳ ಹೊಟ್ಟೆಯ ಮೇಲಿಟ್ಟ ಕೈಯನ್ನು ಕಾಕಾ ತೆಗೆಯಲಿಲ್ಲ.

“ತಡಿ, ಇನ್ನ ಜರಾ ಹೊತ್ತ ಇರ್ಲಿ. ಉಸರಾಡಾಕತ್ತಾಳ.”