ಉಳವಪ್ಪನ ಹೆಬ್ಬೆಟ್ಟು

ಹಾನಗಲ್ಲಿನ ಪೇಟೆಯಲ್ಲಿ ಎಣ್ಣೆಯಲ್ಲಿ ಕರಿದ ಖಾರ, ಚುನಮರಿ ಮಾರುತ್ತಿದ್ದ ಉಳವಪ್ಪನಿಗೆ ಓದುವ ಚಟವಿತ್ತು. ಕುಡಿಯುವ ಚಟದವರನ್ನು ಊರು ನೋಡಿತ್ತು, ಇಸ್ಪೀಟು ಆಡುವವರನ್ನೂ ನೋಡಿತ್ತು. ಇದಕ್ಕೆ ಏನು ಅನ್ನಬೇಕೋ ಯಾರಿಗೂ ತಿಳಿಯುತ್ತಿರಲಿಲ್ಲ. ಹುಟ್ಟಿದ್ದು ಹಿರೇಕೆರೂರಿನಲ್ಲಿ. ಅಲ್ಲಿಯ ಸಾಲೆಯಲ್ಲಿ ನಾಲ್ಕನೇ ಇಯತ್ತೆ ಮುಗಿಸಿದ್ದ. ಅಪ್ಪ ತೀರಿಕೊಂಡ ಮೇಲೆ ಸಾಲೆ ಬಿಟ್ಟ, ಓದು ಬಿಡಲಿಲ್ಲ. ಖಾರ ಕಟ್ಟಿಕೊಡಲು ಹುಬ್ಬಳ್ಳಿಯಿಂದ ರದ್ದಿ ಪೇಪರು ಬರುತ್ತಿತ್ತು. ಒಂದೊಂದು ಹಾಳೆಯನ್ನೂ ಓದಿದ ಮೇಲೆಯೇ ಹರಿಯುತ್ತಿದ್ದ. ಗಿರಾಕಿ ನಿಂತೇ ಇರುತ್ತಿದ್ದರು.

"ಮೊದ್ಲ ಖಾರ ಕೊಡೋ ಮಾರಾಯ, ಆಮ್ಯಾಲೆ ಲಂಡನ್ನಿಗೆ ಹೋಗೀಯಂತ" ಎಂದು ತಿಪ್ಪವ್ವ ಬೈಯುತ್ತಿದ್ದಳು. ತಿಪ್ಪವ್ವ ರಸ್ತೆಯ ಆಚೆ ಕುಳಿತು ಕಾಯಿಪಲ್ಲೆ ಮಾರುವ ಮುದುಕಿ. ಬೈಯುವವಳೂ ಅವಳೇ, ಸಂಜೆ ಎಲ್ಲರಿಗಿಂತ ಮೊದಲು ಬಂದು ಅಂಗಡಿಯ ಕಟ್ಟೆ ಹಿಡಿಯುವವಳೂ ಅವಳೇ.

ಸಂಜೆ ಕಟ್ಟೆಯ ಮೇಲೆ ಉಳವಪ್ಪ ಗಟ್ಟಿಯಾಗಿ ಪೇಪರು ಓದುತ್ತಿದ್ದ. ಉಪ್ಪಿನ ಸತ್ಯಾಗ್ರಹದ ಗದ್ದಲದ ವರ್ಷದಿಂದ ಅದು ರೂಢಿಯಾಗಿಬಿಟ್ಟಿತ್ತು. ಕೇಳಲು ಬಂದವರು ಕಂದೀಲಿಗೆ ಒಂದು ಗುಟುಕು ಚಿಮಣಿ ಎಣ್ಣೆ ಹಾಕಬೇಕು, ಅಷ್ಟೇ. ರದ್ದಿಯಲ್ಲಿ ಬರುವುದು ಹಳೆಯ ಸುದ್ದಿ. ಹೊಸ ಸುದ್ದಿ ತರುತ್ತಿದ್ದವನು ಸವಣೂರಿನ ಜಮಾಲಸಾಬ. ಸಂತೆಗೆ ವೀಳ್ಯದೆಲೆಯ ಬುಟ್ಟಿ ಹೊತ್ತು ಬಂದರೆ ಉಳವಪ್ಪನ ಕಟ್ಟೆಯ ಮೇಲೆಯೇ ಇಳಿಸುವನು. ಬುಟ್ಟಿಯ ತಳದಲ್ಲಿ, ಒದ್ದೆ ಎಲೆಯ ಕೆಳಗೆ, ಪೇಪರು ಇರುತ್ತಿತ್ತು. ಜಮಾಲಸಾಬನಿಗೂ ಕನ್ನಡ ಓದಲು ಬರುತ್ತಿತ್ತು, ಉರ್ದುವೂ ಬರುತ್ತಿತ್ತು. ಆದರೆ ಗಟ್ಟಿಯಾಗಿ ಓದುವುದು ಉಳವಪ್ಪನೇ.

"ನೀ ಓದಿದ್ರ ಸುದ್ದಿ ಕೇಳಿದಂಗ ಆಗ್ತೈತಿ. ನಾ ಓದಿದ್ರ ಎಲಿ ಎಣಿಸಿದಂಗ ಆಗ್ತೈತಿ" ಎನ್ನುತ್ತಿದ್ದ ಜಮಾಲಸಾಬ.

ಉಳವಪ್ಪನ ಹೆಂಡತಿ ಮಹಾದೇವಕ್ಕ ಒಳಬಾಗಿಲಲ್ಲಿ ಕುಳಿತು ಕಡಲೆ ಹಸನು ಮಾಡುತ್ತ ಕೇಳುತ್ತಿದ್ದಳು. ಅವಳ ತವರು ಶಿಗ್ಗಾವಿ ತಾಲೂಕಿನ ಗೊಟಗೋಡಿ. ಸಾಲೆಯ ಮುಖ ಕಂಡವಳಲ್ಲ. ಗಂಡ ಕಲಿಸಲು ನೋಡಿದ. ಅವಳ ತಲೆಗೆ ಹತ್ತಿದ್ದು ಒಂದೇ ಪಾಠ.

"ಇದು ತಲಿಕಟ್ಟು ನೋಡು. ಮನಷ್ಯಾನ ತಲಿಮ್ಯಾಲೆ ರುಮಾಲ ಇದ್ದಂಗ. ರುಮಾಲ ಕೆಳಗ ಬಂತಂದ್ರ ಹಾಳಿ ಉಲ್ಟಾ ಆತು ಅಂತ ತಿಳಿ."

"ಉಲ್ಟಾ ಆದ್ರ ಏನಾತ್ರಿ? ಖಾರ ಸೋರತೈತೇನು?"

"ಅಕ್ಷರ ಉಲ್ಟಾ ಕಂಡ್ರ ನನಗ ಯಾರನೋ ಕಾಲ ಮ್ಯಾಲೆ ಮಾಡಿ ತೂಗಹಾಕಿದಂಗ ಕಾಣತೈತಿ."

ಹಾಗೆಂದೇ ಅವನು ಪೊಟ್ಟಣ ಕಟ್ಟುವ ಮುಂಚೆ ಹಾಳೆಯನ್ನು ತಿರುಗಿಸಿ ನೆಟ್ಟಗೆ ಮಾಡುತ್ತಿದ್ದ. ಮಾತಾಡುತ್ತಿದ್ದರೂ, ಜಗಳಾಡುತ್ತಿದ್ದರೂ ಕೈ ತಾನೇ ತಿರುಗಿಸುತ್ತಿತ್ತು.

ನಲವತ್ತೆರಡರ ಶ್ರಾವಣದಲ್ಲಿ ಊರು ಬೇರೆಯಾಯಿತು. ಟಪಾಲಿನ ಚೀಲ ಸುಟ್ಟರು, ತಂತಿ ಕಡಿದರು ಎಂಬ ಸುದ್ದಿ ಬಂತು. ಅದರ ಹಿಂದೆಯೇ ಪೊಲೀಸ್ ಫೌಜದಾರ ಬಂದ. ಯಾರ ಹೆಸರಿಗೆ ಯಾವ ಪೇಪರು ಬರುತ್ತದೆ ಎಂದು ಟಪಾಲು ಕಚೇರಿಯಲ್ಲಿ ಕೇಳಿದ. ಮರುದಿನದಿಂದ ಜನ ತಮ್ಮ ಹೆಸರಿನ ಪೇಪರು ಬಿಡಿಸಿಕೊಳ್ಳಲೇ ಇಲ್ಲ. ಆಮೇಲೆ ಉಳವಪ್ಪನ ಕಟ್ಟೆಯ ಮೇಲೆ ಗುದ್ಲೆಪ್ಪ ಎಂಬವನು ಬಂದು ಕುಳಿತ. ಧೋತರ, ಅಂಗಿ, ಹೆಗಲ ಮೇಲೆ ವಲ್ಲಿ. ಆದರೆ ಕುಳಿತರೂ ಬೆನ್ನು ಬಾಗುತ್ತಿರಲಿಲ್ಲ. ಪೊಲೀಸನೆಂದು ಕೂಸಿಗೂ ಗೊತ್ತಾಗುತ್ತಿತ್ತು.

ಅವನ ಕೆಲಸ ಒಂದೇ. ಖಾರ ತಿಂದ ಮೇಲೆ ಯಾರು ಕಾಗದ ಬಿಸಾಕುತ್ತಾರೆ, ಯಾರು ಬಿಚ್ಚಿ ನೋಡುತ್ತಾರೆ ಎಂದು ನೋಡುವುದು. ಓದು ಬಂದವನ ಕಣ್ಣು ಎಣ್ಣೆಯ ಕಾಗದವನ್ನೂ ಬಿಡುವುದಿಲ್ಲ. ಸಾಲೆಯ ಮಾಸ್ತರ ಒಬ್ಬರು ನಿಂತಲ್ಲೇ ಪೊಟ್ಟಣ ಬಿಚ್ಚಿ ಓದಿದರು. ಮರುದಿನ ಅವರಿಗೆ ಕರೆ ಬಂತು. ಏನು ಓದಿದಿರಿ, ಯಾಕೆ ಓದಿದಿರಿ ಎಂದು ಮಧ್ಯಾಹ್ನದವರೆಗೆ ನಿಲ್ಲಿಸಿ ಕೇಳಿದರಂತೆ. ಅವರು ಓದಿದ್ದು ಕೂದಲೆಣ್ಣೆಯ ಜಾಹೀರಾತು. ಅವರ ತಲೆಯಲ್ಲಿ ಕೂದಲೇ ಇರಲಿಲ್ಲ. ಊರು ನಕ್ಕಿತು. ನಕ್ಕ ಊರೇ ಅಂದಿನಿಂದ ಕಾಗದವನ್ನು ನೋಡದೆ ಮುದ್ದೆ ಮಾಡಿ ಬಿಸಾಕಲು ಕಲಿಯಿತು.

"ಏನಪಾ, ಖಾರ ತಿನ್ನಾಕ ಬಂದೀಯೋ, ನಮ್ಮ ಕಣ್ಣ ಕಾಯಾಕ ಬಂದೀಯೋ?" ಎಂದು ತಿಪ್ಪವ್ವ ಗುದ್ಲೆಪ್ಪನನ್ನು ಕೇಳಿಯೇಬಿಟ್ಟಳು.

"ನಾ ಏನ್ ಮಾಡ್ಲಿ ಯವ್ವಾ. ನೋಡು ಅಂದಾರ, ನೋಡಾಕತ್ತೇನಿ."

"ನೋಡು ನೋಡು. ನನ್ನ ಬದನಿಕಾಯಾಗ ಹುಳ ಅದಾವು, ಅವು ಏನ್ ಓದ್ತಾವು ಅದನ್ನೂ ನೋಡ್ಕೊಂಡ ಹೋಗು."

ಕಟ್ಟೆಯ ಓದು ನಿಂತಿತು. ಉಳವಪ್ಪ ಅಡುಗೆಮನೆಯಲ್ಲಿ ಒಲೆಯ ಬೆಳಕಿಗೆ ಒಬ್ಬನೇ ಓದುತ್ತಿದ್ದ, ಕದ್ದು ತಿಂದವರ ಹಾಗೆ. ಮಹಾದೇವಕ್ಕ ಬೀದಿಬಾಗಿಲು ಕಾಯುತ್ತಿದ್ದಳು.

ದಸರೆ ಮುಗಿದ ಮೇಲಿನ ಸಂತೆಯ ದಿನ ಫೌಜದಾರ ಅಂಗಡಿಗೆ ಬಂದ. ರದ್ದಿಯ ಕಟ್ಟು ಬೀದಿಗೆ ಚೆಲ್ಲಿಸಿದ. ಅದರಲ್ಲಿ ಒಂದು ಹಾಳೆ ಸಿಕ್ಕಿತು. ಚಳವಳಿಯವರು ಕದ್ದು ಅಚ್ಚು ಮಾಡಿ ಹಂಚುತ್ತಿದ್ದರಲ್ಲ, ಅಂಥದ್ದು. ಅಂಚು ಹಸಿರಾಗಿತ್ತು, ಎಲೆಯ ವಾಸನೆ ಇತ್ತು. ಜಮಾಲಸಾಬ ಬುಟ್ಟಿಯ ಪಕ್ಕದಲ್ಲೇ ಕುಳಿತಿದ್ದ. ಸಂತೆಗೆ ಬಂದ ಜನ ಸುತ್ತ ನಿಂತಿತು.

"ಇದನ್ನ ಓದಾಂವ ಯಾರು? ನೀನಾ?" ಎಂದು ಫೌಜದಾರ ಉಳವಪ್ಪನನ್ನು ಕೇಳಿದ.

ಉಳವಪ್ಪ ಬಾಯಿ ತೆರೆದ. ಏನು ಹೇಳುತ್ತಿದ್ದನೋ ಯಾರಿಗೂ ತಿಳಿಯಲಿಲ್ಲ. ಮಹಾದೇವಕ್ಕ ಒಳಗಿನಿಂದ ಓಡಿ ಬಂದು ಬಾಗಿಲಲ್ಲಿ ನಿಂತಳು. ತಲೆಯ ಮೇಲೆ ಸೆರಗೂ ಇರಲಿಲ್ಲ.

"ನಮ್ಮನಿಯವ್ರಿಗೆ ಓದಾಕ ಬರಂಗಿಲ್ರೀ ಸಾಹೇಬ್ರ! ರದ್ದಿ ತರ್ತಾರ, ಖಾರ ಕಟ್ತಾರ. ಅಕ್ಷರಾನ ಬರಂಗಿಲ್ರೀ!"

ಹತ್ತು ಹನ್ನೆರಡು ವರ್ಷ ಅವನ ಓದು ಕೇಳಿದವರೇ ಅಲ್ಲಿ ನಿಂತಿದ್ದರು. ತಿಪ್ಪವ್ವ ಕೂಗಿದಳು: "ಅಂವಗ ಅಕ್ಷರಾ? ಕಡ್ಲಿಬ್ಯಾಳಿ ತೊಗರಿಬ್ಯಾಳಿ ಗುರ್ತ ಹತ್ತಂಗಿಲ್ರೀ ಅಂವಗ!"

ಫೌಜದಾರ ಹಾಳೆಯನ್ನು ಉಲ್ಟಾ ಮಾಡಿ ಉಳವಪ್ಪನ ಕೈಗೆ ಕೊಟ್ಟ.

"ಹಿಡಿ."

ಉಳವಪ್ಪನ ಕೈ ತಿರುಗಲು ಹೊರಟಿತು. ಬಾಗಿಲಲ್ಲಿ ನಿಂತ ಮಹಾದೇವಕ್ಕ ಅದನ್ನು ಕಂಡಳು. ಅವನೂ ಅವಳ ಮುಖ ಕಂಡ. ಬೆರಳು ಹಾಳೆಯ ಅಂಚಿನಲ್ಲೇ ನಿಂತುಬಿಟ್ಟವು. ಉಲ್ಟಾ ಹಾಳೆಯನ್ನು ಉಲ್ಟಾ ಹಿಡಿದುಕೊಂಡೇ ನಿಂತ, ಇಡೀ ಸಂತೆಯ ಮುಂದೆ.

ಓದಲು ಬರುವುದಿಲ್ಲ ಎಂದು ಉಳವಪ್ಪನ ಜಬಾನಿ ಬರೆದುಕೊಂಡರು. ಸಹಿ ಬೇಡ ಎಂದರು. ಹೆಬ್ಬೆರಳಿಗೆ ಮಸಿ ಹಚ್ಚಿ ಗುದ್ಲೆಪ್ಪನೇ ಹಿಡಿದು ಒತ್ತಿಸಿದ.

ಫೌಜದಾರ ಹಸಿರು ಅಂಚನ್ನು ಮೂಸಿ ನೋಡಿ ಜಮಾಲಸಾಬನ ಕಡೆ ತಿರುಗಿದ.

"ನಿನಗ ಓದಾಕ ಬರ್ತೈತೇನೋ?"

ಜಮಾಲಸಾಬ ಒಂದು ಸಲ ಉಳವಪ್ಪನ ಹೆಬ್ಬೆರಳು ನೋಡಿದ.

"ಬರ್ತೈತ್ರಿ."

"ಏನ್ ಓದ್ತಿ?"

"ಸಿಕ್ಕಿದ್ದು ಓದ್ತೇನ್ರಿ."

ಅವನನ್ನು ಕರೆದುಕೊಂಡು ಹೋದರು. ಬುಟ್ಟಿ ಕಟ್ಟೆಯ ಮೇಲೆಯೇ ಉಳಿಯಿತು. ಮಹಾದೇವಕ್ಕ ಎಲೆಗೆ ನೀರು ಚಿಮುಕಿಸಿ ಚಿಮುಕಿಸಿ ಇಟ್ಟಳು. ಕೊಳೆತ ಮೇಲೆ ತಿಪ್ಪೆಗೆ ಸುರಿದಳು. ಉಳವಪ್ಪ ಹೆಬ್ಬೆರಳನ್ನು ಸೀಗೆಪುಡಿ ಹಾಕಿ ತಿಕ್ಕಿದ, ಬೂದಿ ಹಾಕಿ ತಿಕ್ಕಿದ. ಮಸಿ ಹೋಯಿತು. ತಿಕ್ಕುವುದು ಹೋಗಲಿಲ್ಲ. ಸಾಯುವವರೆಗೂ ಕುಳಿತಲ್ಲಿ ಆ ಬೆರಳನ್ನು ಧೋತರಕ್ಕೆ ಒರೆಸುತ್ತಿದ್ದ.

ಹೆಂಡತಿಗೆ ಅವನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಓದಲು ಬಾರದವನ ಹಾಗೆ ಇರುವುದು ಒಂದು ದಿನದ ಕೆಲಸವಲ್ಲ. ಗುದ್ಲೆಪ್ಪ ಕಟ್ಟೆ ಬಿಟ್ಟು ಏಳಲಿಲ್ಲ. ಬೇಕೆಂದೇ ಉಲ್ಟಾ ಹಾಳೆ ಮುಂದೆ ಸರಿಸುವನು. ಉಳವಪ್ಪ ಉಲ್ಟಾ ಹಾಳೆಯಲ್ಲೇ ಖಾರ ಕಟ್ಟುವನು. ಮೊದಮೊದಲು ಕಣ್ಣು ಮುಚ್ಚಿ ಕಟ್ಟುತ್ತಿದ್ದ. ಆಮೇಲೆ ಕಣ್ಣು ತೆರೆದೇ ಕಟ್ಟಿದ.

ಸುಗ್ಗಿಯಲ್ಲಿ ಹಿರೇಕೆರೂರಿನಿಂದ ಒಂದು ಕಾರ್ಡು ಬಂತು. ಮುಂಜಾನೆ ಟಪಾಲಿನವನು ತಂದು ಕೈಗೆ ಕೊಟ್ಟ. ಕಣ್ಣು ಬಿದ್ದರೆ ಸಾಕು, ಓದಿದ ಹಾಗೆಯೇ. ತಾಯಿ ಫಕ್ಕೀರವ್ವನಿಗೆ ಜಡ್ಡು ಬಲಿತಿದೆ, ಕೂಡಲೇ ಹೊರಟು ಬಾ ಎಂದಿತ್ತು. ಗುದ್ಲೆಪ್ಪ ನೋಡುತ್ತಿದ್ದ.

"ಏನ್ ಬರದಾರ ಉಳವಪ್ಪ?"

"ನನಗೇನ್ ತಿಳಿತೈತಿ. ಮಾಸ್ತರು ಬರ್ಲಿ, ಓದಿಸ್ತೇನಿ."

ಮಾಸ್ತರು ಸಾಲೆ ಬಿಟ್ಟ ಮೇಲೆ ಬಂದರು. ಅಷ್ಟು ಹೊತ್ತೂ ಉಳವಪ್ಪ ಕಾರ್ಡನ್ನು ತೊಡೆಯ ಕೆಳಗೆ ಇಟ್ಟುಕೊಂಡು ಖಾರ ತೂಗಿದ. ಒಳಗೆ ಬಂದು ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ಅವಳು ಅಳುತ್ತಾಳೆ, ಅತ್ತರೆ ಗೊತ್ತಾಗುತ್ತದೆ. ಮಾಸ್ತರು ಓದಿ ಹೇಳಿದಾಗ ಹೊಸದಾಗಿ ಕೇಳಿದವನ ಹಾಗೆ "ಅಯ್ಯೋ ಯವ್ವಾ" ಅಂದ. ಆ ಅಳು ಮಾತ್ರ ಖರೆ. ಹಿರೇಕೆರೂರಿಗೆ ಹೋಗುವ ಮೋಟಾರು ಆಗಲೇ ಹೋಗಿತ್ತು. ಮರುದಿನ ಹೋಗಿ ಮುಟ್ಟುವಷ್ಟರಲ್ಲಿ ತಾಯಿ ಮಣ್ಣಾಗಿದ್ದಳು.

ಕಾರ್ಡು ಮುಂಜಾನೆಯೇ ಬಂದಿತ್ತೆಂದು ಮಹಾದೇವಕ್ಕನಿಗೆ ತಿಪ್ಪವ್ವನಿಂದ ತಿಳಿಯಿತು. ಅಂದು ಅವಳು ಊಟ ಮಾಡಲಿಲ್ಲ. ಗಂಡನನ್ನು ಜೈಲಿನಿಂದ ಉಳಿಸಿದೆ ಎಂದುಕೊಂಡಿದ್ದಳು. ಜೈಲಾದರೆ ಒಂದಲ್ಲ ಒಂದು ದಿನ ಬಿಡುತ್ತಾರೆ.

ಮುಂದಿನ ಮಳೆಗಾಲಕ್ಕೆ ಜಮಾಲಸಾಬ ಬಿಡುಗಡೆಯಾಗಿ ಬಂದ. ಮೈ ಇಳಿದಿತ್ತು. ಬುಟ್ಟಿಯನ್ನು ಉಳವಪ್ಪನ ಕಟ್ಟೆಯ ಮೇಲೆ ಇಳಿಸಲಿಲ್ಲ, ರಸ್ತೆಯ ಆಚೆ ತಿಪ್ಪವ್ವನ ಪಕ್ಕದಲ್ಲಿ ಇಳಿಸಿದ. ಉಳವಪ್ಪ ಖಾರದ ಪೊಟ್ಟಣ ಕಟ್ಟಿ ತಿಪ್ಪವ್ವನ ಕೈಯಲ್ಲಿ ಕಳಿಸಿದ. ಪೊಟ್ಟಣ ಹಾಗೆಯೇ ತಿರುಗಿ ಬಂತು.

"ತಿನ್ನವಲ್ಲ" ಎಂದಳು ತಿಪ್ಪವ್ವ. "ಹಲ್ಲ ಹೋಗ್ಯಾವಂತ." ಅವಳಿಗೂ ಅದು ಸುಳ್ಳೆಂದು ಗೊತ್ತಿತ್ತು.

ಗುದ್ಲೆಪ್ಪ ಬದಲಿಯಾಗಿ ಹೋದ. ಇನ್ನು ಯಾರೂ ನೋಡುವವರಿಲ್ಲ. ಉಳವಪ್ಪ ಓದಲಿಲ್ಲ. ಓದಿದರೆ, ಅಂದು ಓದಲು ಬರುತ್ತಿತ್ತು ಎಂದಾಗುತ್ತದೆ. ಊರಿಗೆಲ್ಲ ಗೊತ್ತಿದ್ದದ್ದನ್ನು ಊರ ಮುಂದೆ ಒಪ್ಪಿಕೊಳ್ಳುವುದು ಅವನಿಂದ ಆಗಲಿಲ್ಲ. ಸ್ವಾತಂತ್ರ್ಯ ಬಂದ ದಿನ ಪೇಟೆಯಲ್ಲಿ ಝೆಂಡಾ ಏರಿಸಿದರು. ಹಿರಿಯರು ಪೇಪರು ತಂದು, "ಓದಪಾ ಉಳವಪ್ಪ, ನಿನ್ನ ದನಿ ಕೇಳಿ ಭಾಳ ದಿನ ಆತು" ಎಂದರು.

"ಕಣ್ಣ ಕಾಣವಲ್ವು" ಎಂದು ಅವನು ಹಿಂದೆ ಸರಿದ. ಜಮಾಲಸಾಬ ಓದಿದ, ಎಲೆ ಎಣಿಸಿದ ಹಾಗೆ. ಉಳವಪ್ಪ ಎಲ್ಲರ ಹಿಂದೆ ನಿಂತು ಕೇಳಿದ, ಬೆರಳನ್ನು ಧೋತರಕ್ಕೆ ಒರೆಸುತ್ತ.

ನಲವತ್ತೊಂಬತ್ತರ ಬೇಸಿಗೆಯಲ್ಲಿ ಅವನು ಹಾಸಿಗೆ ಹಿಡಿದ. ಉಳಿಯುವುದಿಲ್ಲ ಎಂದು ತಿಳಿದು ಜಮಾಲಸಾಬ ಮನೆಗೆ ಬಂದ. ಏಳು ವರ್ಷದಲ್ಲಿ ಮೊದಲ ಸಲ ಆ ಹೊಸ್ತಿಲು ದಾಟಿದ. ಬಗಲಲ್ಲಿ ಆ ದಿನದ ಪೇಪರು ಇತ್ತು. ಮಾತಾಡಲು ತೋಚದೆ ಅದನ್ನೇ ಉಳವಪ್ಪನ ಕೈಗೆ ಕೊಟ್ಟ.

ಪೇಪರು ಉಲ್ಟಾ ಇತ್ತು. ಉಳವಪ್ಪ ಹಾಗೆಯೇ ಹಿಡಿದುಕೊಂಡ. ಕೈ ತಿರುಗಲಿಲ್ಲ.

ಜಮಾಲಸಾಬ ನೋಡಿದ. ತಾನೇ ತಿರುಗಿಸಿ ಕೊಟ್ಟು, "ಓದೋ, ಯಾರೂ ಇಲ್ಲ ಇಲ್ಲಿ" ಎಂದ.

ಉಳವಪ್ಪ ಬಾಗಿಲ ಕಡೆ ನೋಡಿದ. ಮಹಾದೇವಕ್ಕ ಹೋಗಿ ಬಾಗಿಲು ಹಾಕಿ ಚಿಲಕ ಏರಿಸಿದಳು. ಅವನ ತುಟಿ ಅಲ್ಲಾಡಿದವು. ದನಿ ಬರಲಿಲ್ಲ. ಪೇಪರನ್ನು ಎದೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದ. ಎರಡು ದಿನಕ್ಕೆ ಹೋದ.

ಮಣ್ಣು ಮಾಡಿ ಬಂದ ಮೇಲೆ ಜಮಾಲಸಾಬ ಕಟ್ಟೆಯ ಮೇಲೆ ಕುಳಿತಿದ್ದ. ಮಹಾದೇವಕ್ಕ ಬಾಗಿಲಲ್ಲಿ ನಿಂತಳು. ಅಂದು ನಿಂತ ಜಾಗವೇ.

"ಅಣ್ಣಾ, ಅವತ್ತ ಅದನ್ನ ಹೇಳ್ದಾಕಿ ನಾ. ಅವರಲ್ಲ."

"ಗೊತ್ತೈತಿ ತಂಗಿ. ನಾ ಅಲ್ಲೇ ಕುಂತಿದ್ನೆಲ್ಲ."

"ಹಂಗಾರ ಅವ್ರ ಮ್ಯಾಲೆ ಯಾಕ ಸಿಟ್ಟು?"

ಜಮಾಲಸಾಬ ಅಂಗಿಗೆ ಹತ್ತಿದ ಮಣ್ಣು ಕೊಡವಿದ.

"ನೀ ಅಂದಿದ್ದಕ್ಕ ನನಗ ಬ್ಯಾಸರ ಇಲ್ಲವ್ವ. ಗಂಡನ್ನ ಉಳಿಸ್ಕೊಳ್ಳಾಕ ಅಂದಿ. ಅಂವ ಬೆರಳ ಒತ್ತಿದ್ದಕ್ಕ ಐತಿ. ಈಗೂ ಐತಿ. ಅಂವನ್ನ ಹೊತ್ತಿದ್ದೂ ಇದ ಹೆಗಲ, ಆದ್ರೂ ಐತಿ."

ಎದ್ದು ಹೋದ. ಅವಳು ಅವನನ್ನು ತಡೆಯಲಿಲ್ಲ. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ಅಂಗಡಿ ಈಗ ಮಹಾದೇವಕ್ಕನದು. ಖಾರ ಅವಳೇ ಕರಿಯುತ್ತಾಳೆ, ಅವಳೇ ಕಟ್ಟುತ್ತಾಳೆ. ಓದಲು ಇಂದಿಗೂ ಬರುವುದಿಲ್ಲ. ಆದರೆ ಹಾಳೆ ಕೈಗೆ ತೆಗೆದುಕೊಂಡರೆ ಮೊದಲು ತಲೆಕಟ್ಟು ಎಲ್ಲಿದೆ ನೋಡುತ್ತಾಳೆ. ಕೆಳಗಿದ್ದರೆ ತಿರುಗಿಸುತ್ತಾಳೆ. ಗಿರಾಕಿ ಅವಸರ ಮಾಡುತ್ತಾರೆ. ಮಾಡಲಿ.