ನೈವಾಶಾದಲ್ಲಿ ನಾನು ಮಾಡಿದ ತಪಾಸಣೆ

ಮಗಳ ಪರೀಕ್ಷೆ ಮುಗಿದ ಸಂಜೆಯೇ ನಮ್ಮ ಮನೆಯಲ್ಲಿ ಜಗಳ ಶುರುವಾಯಿತು. ಅವಳಿಗಾಗ ಹದಿನೇಳು. ಕ್ಲಾಸಿನ ಮೂವರು ಗೆಳತಿಯರ ಜೊತೆ ನೈವಾಶಾ ಸರೋವರದ ದಂಡೆಯ ಒಂದು ಬ್ಯಾಕ್‌ಪ್ಯಾಕರ್ ಹಾಸ್ಟೆಲ್ಲಿನಲ್ಲಿ ನಾಲ್ಕು ದಿನ ಇದ್ದು ಬರುತ್ತೇನೆ ಅಂದಳು. ಮಟಾಟುವಿನಲ್ಲಿ, ಅಂದರೆ ಜನ ತುಂಬಿಕೊಂಡು ಓಡುವ ಇಲ್ಲಿಯ ಬಾಡಿಗೆ ವ್ಯಾನಿನಲ್ಲಿ, ಹೋಗುತ್ತಾರಂತೆ. ಡಾರ್ಮಿಟರಿಯಲ್ಲಿ ಮಲಗುತ್ತಾರಂತೆ. ನನ್ನ ಗಂಡ ಊಟದ ತಟ್ಟೆಯಿಂದ ತಲೆ ಎತ್ತದೆಯೇ "ಇಲ್ಲ" ಅಂದರು. ಅವಳು ಯಾಕೆ ಅಂದಳು. ಅವರು ಇನ್ನೊಂದು ಸಲ "ಇಲ್ಲ" ಅಂದು ಮೊಸರು ಬಡಿಸಿಕೊಂಡರು.

ಉಗ್ರರ ದಾಳಿಯ ಭಯಕ್ಕೆ ನೈರೋಬಿಯ ಮಾಲುಗಳ ಬಾಗಿಲಲ್ಲಿ ಚೀಲ ಬಿಚ್ಚಿಸಿ ನೋಡುತ್ತಿದ್ದ ವರ್ಷಗಳವು. ಗಿಗಿರಿಯಲ್ಲಿದ್ದ ಗಂಡನ ಆಫೀಸಿನಿಂದ ದಿನಕ್ಕೊಂದು ಎಚ್ಚರಿಕೆಯ ಮೆಸೇಜು ಬರುತ್ತಿತ್ತು: ಅಲ್ಲಿಗೆ ಹೋಗಬೇಡಿ, ಇಲ್ಲಿ ನಿಲ್ಲಬೇಡಿ. ಹೈರಿಡ್ಜಿನ ನಮ್ಮ ಫ್ಲಾಟಿನಿಂದ ನಾನು ಗಣಿತ ಹೇಳಿಕೊಡುತ್ತಿದ್ದ ಶಾಲೆಗೆ ನಡೆದರೆ ಹತ್ತು ನಿಮಿಷ. ಆ ಹತ್ತು ನಿಮಿಷಕ್ಕೂ ಡ್ರೈವರ್ ಕಾರು ತಂದು ನಿಲ್ಲಿಸುತ್ತಿದ್ದ. ನೈರೋಬಿಗೆ ಬಂದ ಹದಿನಾಲ್ಕು ವರ್ಷದಲ್ಲಿ ನಾನು ಒಂದು ಸಲವೂ ಮಟಾಟು ಹತ್ತಿರಲಿಲ್ಲ. ಹತ್ತುವ ಆಸೆ ಇದೆ ಅಂತ ಬಾಯಿಬಿಟ್ಟು ಹೇಳಿರಲೂ ಇಲ್ಲ.

ಮೂರು ದಿನ ಮಗಳು ಮುಖ ಊದಿಸಿಕೊಂಡು ಓಡಾಡಿದಳು. ನಾಲ್ಕನೆಯ ದಿನ ನನಗೇ ತಡೆಯಲಾಗಲಿಲ್ಲ.

"ರೀ, ಒಂದ್ಸಲ ನಾನು ಇವಳ ಜೊತೆ ಹೋಗಿ ಆ ಜಾಗ ನೋಡ್ಕೊಂಡ್ ಬರ್ತೀನಿ. ಸರಿಯಿದ್ರೆ ಕಳಿಸೋಣ, ಇಲ್ದಿದ್ರೆ ಬೇಡ. ಶನಿವಾರ ಹೋಗಿ ಭಾನುವಾರ ವಾಪಸ್."

ಅವರು ಬಹಳ ಹೊತ್ತು ಯೋಚಿಸಿದರು. "ನೋಡು, ನಿನ್ನ ಮಾತಿನ ಮೇಲೆ ಬಿಡ್ತೀನಿ" ಅಂದರು. ಮಗಳು ಮಾತ್ರ ತನ್ನದೂ ಒಂದು ಷರತ್ತು ಇಟ್ಟಳು. ನಾನು ಅಲ್ಲಿಗೆ ಅವಳ ಗೆಳತಿಯರು ಹೋಗುವ ಹಾಗೆಯೇ ಬರಬೇಕು. ಡ್ರೈವರ್ ಬೇಡ, ಚಿತ್ರಾನ್ನದ ಡಬ್ಬಿ ಬೇಡ, ಪ್ರತ್ಯೇಕ ರೂಮು ಬೇಡ. ಅವಳು ಇದನ್ನೆಲ್ಲ ಇಂಗ್ಲಿಷಿನಲ್ಲೇ ಹೇಳಿದಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು ನಮ್ಮ ಮನೆಯ ಪದ್ಧತಿ. ಇಲ್ಲಿ ಅವಳ ಮಾತನ್ನು ನನ್ನ ಕನ್ನಡಕ್ಕೆ ತಿರುಗಿಸಿಕೊಂಡು ಬರೆಯುತ್ತಿದ್ದೇನೆ.

ನೈವಾಶಾ ನಾನು ನೋಡದ ಊರೇನಲ್ಲ. ವರ್ಷಕ್ಕೊಮ್ಮೆ ಕನ್ನಡದ ಕುಟುಂಬಗಳೆಲ್ಲ ಐದಾರು ಕಾರುಗಳಲ್ಲಿ ಹೋಗುತ್ತಿದ್ದೆವು. ಮಡಿಸುವ ಕುರ್ಚಿ, ಚಾಪೆ, ಕ್ರಿಕೆಟ್ ಬ್ಯಾಟು, ದೊಡ್ಡ ಸ್ಟೀಲ್ ಡಬ್ಬಿಗಳು. ಗಂಡಸರು ಒಂದು ಕಡೆ ಕೂತು ವೀಸಾ ವಿಷಯ ಮಾತಾಡುತ್ತಿದ್ದರು, ನಾವು ಬಡಿಸುತ್ತಿದ್ದೆವು. ಸರೋವರದ ಕಡೆಗೆ ಬೆನ್ನು ಹಾಕಿ ಒಂದು ಗ್ರೂಪ್ ಫೋಟೋ ತೆಗೆಸಿಕೊಂಡು ಬೆಳಕಿರುವಾಗಲೇ ಮನೆ ಸೇರುತ್ತಿದ್ದೆವು. ಅಷ್ಟು ಸಲ ಹೋಗಿಯೂ ಆ ನೀರನ್ನು ಒಮ್ಮೆಯೂ ಕೈಯಲ್ಲಿ ಮುಟ್ಟಿದವಳಲ್ಲ ನಾನು.

ಶನಿವಾರ ಬೆಳಿಗ್ಗೆ ಪೇಟೆಯ ನಡುವೆ ಮಟಾಟು ಹತ್ತಿದಾಗ ನನಗೆ ಹೇಳಲಾಗದಷ್ಟು ಹುರುಪು. ಭಯಕ್ಕಲ್ಲ, ಅದನ್ನು ಮಗಳಿಗೆ ತೋರಿಸಬಾರದಲ್ಲ ಎಂದು ಬಿಗಿಯಾಗಿ ಕೂತಿದ್ದೆ. ಸೀಟಿನ ಕೆಳಗೆ ಸ್ಪೀಕರು, ಹಾಡಿನ ಹೊಡೆತಕ್ಕೆ ಕುಳಿತ ಜಾಗವೇ ನಡುಗುತ್ತಿತ್ತು. ಕಂಡಕ್ಟರ್ ಮೇಲ್ಛಾವಣಿಗೆ ಎರಡು ಸಲ ಬಡಿದ ಕೂಡಲೇ ಗಾಡಿ ಹಾರಿದ ಹಾಗೆ ಹೊರಟಿತು. ಪಕ್ಕದಲ್ಲಿ ಕೂತಿದ್ದ ಹೆಂಗಸಿನ ತೊಡೆಯ ಮೇಲೆ ಒಂದು ಬುಟ್ಟಿ ತುಂಬ ಮರಿಕೋಳಿಗಳು. ಲಿಮೂರು ದಾಟಿ ರಸ್ತೆಯ ಎಡಕ್ಕೆ ಇದ್ದಕ್ಕಿದ್ದ ಹಾಗೆ ನೆಲವೇ ಕೆಳಗಿಳಿದು ಇಡೀ ಕಣಿವೆ ಕಂಡಾಗ ನಾನು ತಡೆಯಲಾರದೆ "ಅಯ್ಯಯ್ಯೋ, ನೋಡೇ!" ಎಂದು ಕೂಗಿಬಿಟ್ಟೆ. ಈ ಕಣಿವೆಯನ್ನು ಕಾರಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೆ. ಆದರೂ ಕೂಗಿದೆ. ಇಡೀ ಮಟಾಟು ತಿರುಗಿ ನನ್ನನ್ನು ನೋಡಿತು. ಮಗಳು ಟೋಪಿ ಮೂಗಿನ ತನಕ ಎಳೆದುಕೊಂಡಳು.

ಹಾಸ್ಟೆಲ್ ಎಂದರೆ ನನ್ನ ತಲೆಯಲ್ಲಿದ್ದದ್ದು ಮೈಸೂರಿನಲ್ಲಿ ನನ್ನ ಅಕ್ಕ ಇದ್ದ ಹಾಸ್ಟೆಲ್ಲು: ಗಂಟೆ, ಹಾಜರಿ, ನೀರು ಸಾರು, ಬಾಗಿಲಲ್ಲಿ ವಾರ್ಡನ್ನು. ಇಲ್ಲಿ ಗೇಟು ದಾಟಿದರೆ ಹಳದಿ ತೊಗಟೆಯ ದೊಡ್ಡ ಅಕೇಶಿಯಾ ಮರಗಳು, ಅವುಗಳ ನಡುವೆ ಬಟ್ಟೆಯ ತೂಗುಮಂಚಗಳು, ಅವುಗಳಲ್ಲಿ ಹಗಲು ಹನ್ನೆರಡು ಗಂಟೆಗೆ ಪುಸ್ತಕ ಮುಖದ ಮೇಲೆ ಮುಚ್ಚಿಕೊಂಡು ಮಲಗಿದ ಜನ. ಹುಲ್ಲಿನ ಇಳಿಜಾರು, ಅದರಾಚೆ ತಂತಿಬೇಲಿ, ಅದರಾಚೆ ನೀರು. ನಾನು ನೇರ ರಿಸೆಪ್ಷನ್ನಿಗೆ ಹೋಗಿ ವಾರ್ಡನ್ ಎಲ್ಲಿ ಎಂದು ಕೇಳಿದೆ. ಅಲ್ಲಿದ್ದ ಹುಡುಗಿ ನಕ್ಕು, ಅಂಥವರು ಯಾರೂ ಇಲ್ಲ, ನಿಮಗೆ ಟೀ ಬೇಕಾ ಎಂದಳು.

ಟೀ ಆಮೇಲೆ. ಮೊದಲು ನಾನು ನೋಟ್‌ಬುಕ್ ತೆಗೆದೆ. ಹನ್ನೊಂದು ಅಂಶಗಳ ಪಟ್ಟಿ ಮನೆಯಲ್ಲೇ ಬರೆದುಕೊಂಡು ಬಂದಿದ್ದೆ. ಸ್ನಾನದ ಮನೆಯ ಚಿಲಕ ಗಟ್ಟಿಯಿದೆಯೇ. ಹೆಂಗಸರ ಡಾರ್ಮಿಟರಿ ಬೇರೆ ಇದೆಯೇ. ಟಾಯ್ಲೆಟ್ಟಿಗೆ ಹೋಗುವ ದಾರಿಗೆ ದೀಪ ಇದೆಯೇ. ಬೇಲಿಗೆ ಕರೆಂಟು ಇದೆಯೇ. ಚಿಲಕಗಳನ್ನು ಒಂದೊಂದಾಗಿ ಎಳೆದು ನೋಡಿದೆ. ಬೇಲಿ ಯಾಕೆ ಎಂದರೆ ಸಂಜೆ ನೀರಾನೆಗಳು ಮೇಯಲು ಬರುತ್ತವೆ ಎಂದರು. ಮಗಳು ನನ್ನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ, ನನ್ನ ಪರಿಚಯವೇ ಇಲ್ಲದವಳ ಹಾಗೆ ನಡೆಯುತ್ತಿದ್ದಳು.

ಏಳನೆಯ ಅಂಶಕ್ಕೆ ಬಂದಾಗ ಕಾಲು ನೋಯುತ್ತಿದೆ ಎಂದು ಖಾಲಿಯಿದ್ದ ಒಂದು ತೂಗುಮಂಚದಲ್ಲಿ ಕೂತೆ. ಕೂತವಳು ಒರಗಿದೆ. ಒರಗಿದವಳು ಎದ್ದದ್ದು ಮೂರೂವರೆಗೆ! ಮದುವೆಯಾದ ಮೇಲೆ ಹಗಲು ಹೊತ್ತು ನಾನು ಅಷ್ಟು ನಿದ್ದೆ ಮಾಡಿದ್ದು ಬಾಣಂತನದಲ್ಲಿ ಮಾತ್ರ. ನೋಟ್‌ಬುಕ್ಕು ಹುಲ್ಲಿನ ಮೇಲೆ ಬಿದ್ದಿತ್ತು, ಒಂದು ಕೋತಿ ಅದರ ಪಕ್ಕ ಕೂತು ನನ್ನನ್ನೇ ನೋಡುತ್ತಿತ್ತು. ಯಾರೂ ನನ್ನನ್ನು ಎಬ್ಬಿಸಿರಲಿಲ್ಲ, ಯಾರಿಗೂ ನನ್ನಿಂದ ಏನೂ ಬೇಕಾಗಿರಲಿಲ್ಲ. ನನಗೆ ಹಾರಿ ಕುಣಿಯುವಷ್ಟು ಖುಷಿಯಾಯಿತು.

ಆ ಸಂಜೆ ನೀರಾನೆಗಳು ನಿಜವಾಗಿಯೂ ಬಂದವು. ಬೇಲಿಯಾಚೆ ಮೊದಲು ಒಂದು, ಆಮೇಲೆ ನಾಲ್ಕು. ಅವು ಹುಲ್ಲು ಕೀಳುವ ಪರಪರ ಸದ್ದು ನಾವು ನಿಂತಲ್ಲಿಗೇ ಕೇಳುತ್ತಿತ್ತು.  ಪಕ್ಕದಲ್ಲಿ ನಿಂತಿದ್ದ ಬೆಳ್ಳಿಕೂದಲಿನ ಹೆಂಗಸೊಬ್ಬರು ತಮ್ಮ ದುರ್ಬೀನನ್ನು ನನ್ನ ಕೈಗಿಟ್ಟರು. ಅವರು ನಮ್ಮ ಡಾರ್ಮಿಟರಿಯಲ್ಲೇ, ನನ್ನ ಮೇಲಿನ ಮಂಚದವರು. ಯುರೋಪಿನ ಯಾವುದೋ ಸಣ್ಣ ಊರಿನ ನಿವೃತ್ತ ನರ್ಸ್. ಎಪ್ಪತ್ತರ ಹತ್ತಿರ ವಯಸ್ಸು, ಬೆನ್ನಿಗೊಂದು ಚೀಲ, ಒಬ್ಬರೇ ಎರಡು ತಿಂಗಳಿಂದ ತಿರುಗುತ್ತಿದ್ದಾರೆ. ನಮ್ಮವರಾದರೆ ಮೊದಲು ನಿಮ್ಮ ಯಜಮಾನರು ಎಲ್ಲಿ ಕೆಲಸದಲ್ಲಿದ್ದಾರೆ ಎಂದು ಕೇಳುತ್ತಾರೆ. ಇವರು ಕೇಳಿದ್ದು ಒಂದೇ: ನಿಮಗೆ ಸೈಕಲ್ ಬರುತ್ತದೆಯೇ?

ಬರುತ್ತದೆ ಅಂದೆ. ಕಾಲೇಜು ಮುಗಿದ ಮೇಲೆ ಮುಟ್ಟಿಲ್ಲ ಎಂದು ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟೂವರೆ. ಪರೀಕ್ಷೆಯ ನಿದ್ದೆಯೆಲ್ಲ ಬಾಕಿಯಿದ್ದ ಮಗಳು ಗೊರಕೆ ಹೊಡೆಯುತ್ತಿದ್ದಳು. ನನ್ನ ಫೋನು ರಿಸೆಪ್ಷನ್ನಿನಲ್ಲಿ ಚಾರ್ಜಿಗಿತ್ತು. ನರ್ಸಮ್ಮ ಎರಡು ಸೈಕಲ್ ಬಾಡಿಗೆಗೆ ತೆಗೆದುಕೊಂಡು ನಿಂತಿದ್ದರು. ಹತ್ತಿರದಲ್ಲೇ ಒಂದು ಅಭಯಾರಣ್ಯ, ಅಲ್ಲಿ ಸೈಕಲ್ಲಿನಲ್ಲೇ ಒಳಗೆ ಬಿಡುತ್ತಾರೆ, ಸಿಂಹದ ಕಾಟವಿಲ್ಲ ಎಂದರು. ಗೇಟಿನ ತನಕ ಹೋಗಿ ಅರ್ಧ ಗಂಟೆಯಲ್ಲಿ ಬಂದರಾಯಿತು, ಮಲಗಿದ ಹುಡುಗಿಯನ್ನು ಎಬ್ಬಿಸುವುದೇಕೆ ಎಂದುಕೊಂಡೆ. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದೆ. ಮೊದಲ ಐವತ್ತು ಗಜ ಹಾವಿನ ಹಾಗೆ ಹೋದೆ. ಆಮೇಲೆ ಕಾಲಿಗೆ ಎಲ್ಲ ನೆನಪಾಯಿತು.

ಗೇಟಿನಲ್ಲಿ ನಿಲ್ಲುವವರು ಯಾರು! ಒಳಗೆ ಕೆಂಪು ಬಂಡೆಗಳ ಎರಡು ಗೋಡೆ, ನಡುವೆ ಮಣ್ಣಿನ ದಾರಿ, ದಾರಿಯ ಎರಡೂ ಕಡೆ ಜೀಬ್ರಾಗಳು. ನಮ್ಮ ನಡುವೆ ಕಾರಿನ ಗಾಜಿಲ್ಲ, ಏನೂ ಇಲ್ಲ. ಒಂದು ಜೀಬ್ರಾ ದಾರಿಗೆ ಅಡ್ಡ ನಿಂತಿತು. ನಾನು ಬ್ರೇಕ್ ಹಾಕಿ ನಿಂತೆ. ಅದು ಮೂಗು ಸೀಟಿದಂತೆ ಸದ್ದು ಮಾಡಿ, ನೀನ್ಯಾರು ಎನ್ನುವ ಹಾಗೆ ನೋಡಿ, ನಿಧಾನಕ್ಕೆ ದಾಟಿಹೋಯಿತು. ದೂರದಲ್ಲಿ ಜಿರಾಫೆಗಳು ಮರದ ತುದಿ ಮೇಯುತ್ತಿದ್ದವು. ಒಂದು ಇಳಿಜಾರಿನಲ್ಲಿ ನಾನು ಪೆಡಲಿನಿಂದ ಎರಡೂ ಕಾಲು ಎತ್ತಿ ಚಾಚಿದೆ, ನಲವತ್ತಾರು ವರ್ಷದ ಗಣಿತದ ಮೇಡಂ, ಜೋರಾಗಿ ಕೂಗುತ್ತಾ! ನರ್ಸಮ್ಮನೂ ಕೂಗಿದರು. ಇನ್ನೊಂದು ತಿರುವು, ಇನ್ನೊಂದೇ ತಿರುವು ಎಂದು ಮುಂದೆ ಮುಂದೆ ಹೋದೆವು. ಆ ಹೊತ್ತಿನಲ್ಲಿ ನನಗೆ ಗಂಡ, ಮಗಳು, ನೋಟ್‌ಬುಕ್ಕು ಯಾವುದೂ ನೆನಪಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ ಅದೇ.

ವಾಪಸು ಗೇಟಿಗೆ ಬಂದಾಗ ಸೂರ್ಯ ನೆತ್ತಿಯ ಮೇಲಿದ್ದ. ಗಾರ್ಡಿನ ಗುಡಿಸಿಲಿನ ನೆರಳಲ್ಲಿ, ಒಂದು ಕಲ್ಲಿನ ಮೇಲೆ ಮಗಳು ಕೂತಿದ್ದಳು. ಪಕ್ಕದಲ್ಲಿ ಸೈಕಲ್ಲು, ಮಡಿಲಲ್ಲಿ ನೀರಿನ ಬಾಟಲಿ. ನನ್ನನ್ನು ಕಂಡ ಕೂಡಲೇ ಎದ್ದು ನಿಂತಳು. ಹತ್ತಿರ ಹೋದಾಗ ಗೊತ್ತಾಯಿತು, ಅತ್ತಿದ್ದಾಳೆ.

"ಎಷ್ಟು ಗಂಟೆ ಈಗ, ಗೊತ್ತಾ?" ಅಂದಳು. "ಫೋನ್ ಇಲ್ಲ. ಯಾರಿಗೂ ಹೇಳಿಲ್ಲ. ಒಂದು ಚೀಟಿ ಬರೆದಿಡೋಕೂ ಆಗ್ಲಿಲ್ವಾ?"

"ನಾನೇನು ಚಿಕ್ಕ ಮಗುವೇನೇ?" ಅಂದುಬಿಟ್ಟೆ. ನನ್ನ ಸಿಟ್ಟು ಯಾವಾಗಲೂ ತಪ್ಪು ಮಾಡಿದಾಗಲೇ ಮೊದಲು ಬರುತ್ತದೆ.

"ನಾನು ಹೀಗೆ ಮಾಡಿದ್ರೆ ನೀನು ಏನ್ ಮಾಡ್ತಿದ್ದೆ, ಅಮ್ಮ?"

ಏನು ಮಾಡುತ್ತಿದ್ದೆ? ಬೊಬ್ಬೆ ಹೊಡೆದು ಇಡೀ ಹಾಸ್ಟೆಲ್ ಸೇರಿಸುತ್ತಿದ್ದೆ. ಗಂಡನಿಗೆ ಫೋನ್ ಮಾಡುತ್ತಿದ್ದೆ, ಗಿಗಿರಿಯ ಆಫೀಸಿನಿಂದ ಗಾಡಿ ಹೊರಡಿಸುತ್ತಿದ್ದೆ. ಇವಳೇನು ಮಾಡಿದ್ದಳು ಎನ್ನುವುದನ್ನು, ಅವಳಿಂದಲೇ ಕೇಳಿ ತಿಳಿದಿದ್ದ ಗಾರ್ಡ್ ಹೇಳಿದ. ಹತ್ತು ಗಂಟೆಗೆ ಎದ್ದು, ಸ್ನಾನದ ಮನೆ, ನೀರಿನ ದಂಡೆ ಎಲ್ಲ ಹುಡುಕಿ, ರಿಸೆಪ್ಷನ್ನಿನ ಸೈಕಲ್ ಪುಸ್ತಕದಲ್ಲಿ ಎರಡು ಸೈಕಲ್ ಹೊರಗೆ ಹೋದದ್ದನ್ನು ನೋಡಿದ್ದಳು. ಅಲ್ಲಿಯ ಹುಡುಗಿಯಿಂದ ಗೇಟಿಗೆ ಫೋನ್ ಮಾಡಿಸಿ ಇಬ್ಬರು ಹೆಂಗಸರು ಒಳಗೆ ಹೋಗಿದ್ದಾರೆ ಎಂದು ತಿಳಿದುಕೊಂಡಿದ್ದಳು. ಅದೇ ಪುಸ್ತಕದಲ್ಲಿ ತನ್ನ ಹೆಸರು, ಹೊರಟ ಹೊತ್ತು, ಹೋಗುವ ಜಾಗ ಬರೆದು, ನನಗೆ ನೀರು ತುಂಬಿಸಿಕೊಂಡು ಬಂದಿದ್ದಳು.

"ಒಳಗೆ ಹುಡುಕೋಕೆ ಯಾಕೆ ಬರ್ಲಿಲ್ಲ?"

"ನೀನು ಬೇರೆ ದಾರಿಯಲ್ಲಿ ಬಂದಿದ್ರೆ? ಆಗ ಇಬ್ಬರೂ ಕಳೆದುಹೋಗ್ತಿದ್ವಿ. ಹೊರಗೆ ಬರೋದು ಈ ಗೇಟಿಂದಾನೇ ಅಂತ ಕೇಳ್ಕೊಂಡೆ, ಕೂತೆ."

ಎರಡು ಗಂಟೆ ಕೂತಿದ್ದಳು. ನನಗೆ ಅಲ್ಲೇ ನೆಲ ಬಿರಿಯಬಾರದೇ ಅನಿಸಿತು.

"ಅಪ್ಪನಿಗೆ ಫೋನ್ ಮಾಡಿದ್ಯಾ?" ಮೆಲ್ಲಗೆ ಕೇಳಿದೆ.

"ಇಲ್ಲ" ಅಂದು ಸೈಕಲ್ ಹತ್ತಿದಳು.

ಹಾಸ್ಟೆಲ್ಲಿಗೆ ಬಂದು ಚೀಲ ತುಂಬುವಾಗ, "ಹೋಗ್ ಬಾರೇ ನೀನು, ಅಪ್ಪನಿಗೆ ನಾನು ಹೇಳ್ತೀನಿ" ಅಂದೆ. ಅವಳು ತಿರುಗಿಯೂ ನೋಡಲಿಲ್ಲ. "ನೀನು ತಪ್ಪು ಮಾಡಿದ್ದಕ್ಕೆ ಪರ್ಮಿಷನ್ ಕೊಡ್ತಿದೀಯ. ಹಾಗೆ ಕೊಡೋದಾದ್ರೆ ಬೇಡ" ಅಂದಳು. ಮಟಾಟುವಿನಲ್ಲಿ ದಾರಿಯುದ್ದಕ್ಕೂ ನನ್ನ ಭುಜಕ್ಕೊರಗಿ ನಿದ್ದೆ ಮಾಡಿದಳು. ನಾನು ಎಚ್ಚರವಾಗಿದ್ದೆ. ಸುಟ್ಟ ಮೂಗು ಉರಿಯುತ್ತಿತ್ತು, ತೊಡೆಗಳು ಹಿಡಿದುಕೊಂಡಿದ್ದವು, ನಾಚಿಕೆಯೂ ಇತ್ತು. ಆದರೂ ಆ ಇಳಿಜಾರು ನೆನಪಾದಾಗಲೆಲ್ಲ ನಗು ಉಕ್ಕಿ ಬರುತ್ತಿತ್ತು.

ಮನೆಯಲ್ಲಿ ಗಂಡ ಬಾಗಿಲು ತೆಗೆದವರೇ, "ಹೂಂ, ಏನಂತೆ ನಿನ್ನ ರಿಪೋರ್ಟು?" ಅಂದರು.

ಚಿಲಕ, ದೀಪ, ಬೇಲಿ ಎಂದು ಹೇಳಿ ಮುಗಿಸಬಹುದಿತ್ತು. ಮಗಳು ಹೇಳುವವಳಲ್ಲ ಎಂದು ಅಷ್ಟರಲ್ಲಿ ನನಗೆ ಗೊತ್ತಾಗಿತ್ತು. ಆದರೆ ಅವಳು ಪಾಸಾದ ಪರೀಕ್ಷೆ ನನ್ನ ಪಟ್ಟಿಯಲ್ಲಿರಲಿಲ್ಲ. ಅದನ್ನು ಹೇಳಬೇಕಾದರೆ ನಾನು ಫೇಲಾದದ್ದನ್ನೂ ಹೇಳಬೇಕಿತ್ತು. ಚಪ್ಪಲಿ ಬಿಚ್ಚುವ ಮೊದಲೇ ಎಲ್ಲ ಹೇಳಿದೆ. ಸೈಕಲ್ಲು, ಜೀಬ್ರಾ, ಫೋನಿಲ್ಲದ ನಾಲ್ಕು ಗಂಟೆ, ಪುಸ್ತಕದಲ್ಲಿ ಬರೆದಿಟ್ಟ ಹೆಸರು, ಗೇಟಿನ ಕಲ್ಲು. ಅವರ ಮುಖ ಬಿಗಿಯುತ್ತಾ ಹೋಯಿತು. ನಾನು ಮುಗಿಸಿದ ಮೇಲೆ ನನ್ನನ್ನು ಏನೂ ಕೇಳದೆ ಮಗಳ ಕಡೆ ತಿರುಗಿದರು.

"ಇಷ್ಟೆಲ್ಲ ಆದ್ರೂ ನನಗ್ಯಾಕೆ ಒಂದು ಫೋನ್ ಮಾಡ್ಲಿಲ್ಲ?"

ಅವಳು ಬೆನ್ನಿನ ಚೀಲವನ್ನು ಕೆಳಗಿಟ್ಟಳು.

"ಮಾಡಿದ್ರೆ ನೀವು ಅಮ್ಮನ್ನ ಇನ್ಯಾವತ್ತೂ ಎಲ್ಲಿಗೂ ಕಳಿಸ್ತಿರ್ಲಿಲ್ಲ, ಅಪ್ಪ" ಅಂದಳು.

 ಅವರು ಬಗ್ಗಿ ಅವಳ ಚೀಲ ಎತ್ತಿಕೊಂಡು, "ಗೆಳತಿಯರಿಗೆ ಹೇಳು, ನೈವಾಶಾಕ್ಕೆ ನೀನೂ ಬರ್ತೀಯ ಅಂತ" ಎಂದು ಒಳಗೆ ನಡೆದರು. ನನ್ನ ಚೀಲವನ್ನು ನಾನೇ ಎತ್ತಿಕೊಂಡೆ.