ಖಾಲಿ ತೂಗುಕುರ್ಚಿ

ಮಟ್ಟಾಂಚೇರಿಯ ಹಳೆ ಪೀಠೋಪಕರಣಗಳ ಅಂಗಡಿಯಲ್ಲಿ ಒಂದು ತೂಗುಕುರ್ಚಿಯನ್ನು ಕೈಯಿಂದ ಮೆಲ್ಲಗೆ ತೂಗಿ ನೋಡಿದೆ. ಪಕ್ಕದಲ್ಲಿ ಮರ ಉಜ್ಜುತ್ತಿದ್ದ ವಯಸ್ಸಾದ ಬಡಗಿ ಥಟ್ಟನೆ ಅದನ್ನು ಹಿಡಿದು ನಿಲ್ಲಿಸಿದರು. "ಆಳಿಲ್ಲಾದೆ ಆಟ್ಟರುದ್, ಸಾರೇ."

ಆಳಿಲ್ಲದೆ ತೂಗಬಾರದಂತೆ. ಕೆತ್ತನೆಯೇ ಇಲ್ಲದ, ದಪ್ಪ ತೇಗದ ತುಂಡುಗಳ ಕುರ್ಚಿ ಅದು. ಕಾಂಕ್ರೀಟ್ ಕಟ್ಟಡವನ್ನೇ ಮರದಲ್ಲಿ ಮಾಡಿಟ್ಟ ಹಾಗಿತ್ತು. 'ಬ್ರೂಟಲಿಸ್ಟ್' ಎಂದು ಚೀಟಿ ಅಂಟಿಸಿದ್ದರು. ಅಂಥದ್ದಕ್ಕೂ ಈ ಶಾಸ್ತ್ರವೇ ಎಂದು ನಗು ಬಂತು. ಕಾಸರಗೋಡಿನ ನಮ್ಮ ಮನೆಯಲ್ಲೂ ಖಾಲಿ ತೊಟ್ಟಿಲು ತೂಗುವುದಿಲ್ಲ, ಮಗುವಿಗಿಂತ ಮೊದಲು ಗುಂಡುಕಲ್ಲನ್ನು ಮಲಗಿಸುತ್ತೇವೆ ಎಂದು ಅವರಿಗೆ ಹೇಳಿದೆ. ಅವರು ತಮ್ಮ ಉಳಿ, ಸುತ್ತಿಗೆಯ ಚೀಲವನ್ನು ಕುರ್ಚಿಯಲ್ಲಿ ಕೂರಿಸಿ, ಇನ್ನು ತೂಗಿ ಎಂಬಂತೆ ಕೈ ಮಾಡಿದರು. ಅಷ್ಟು ಭಾರದ ಕುರ್ಚಿ ಸದ್ದಿಲ್ಲದೆ ತೂಗಿತು.

ಈಗ ಅದು ನಮ್ಮ ಕ್ವಾರ್ಟರ್ಸಿನಲ್ಲಿದೆ. ನಾನು ಎದ್ದ ಮೇಲೂ ಸ್ವಲ್ಪ ಹೊತ್ತು ತೂಗುತ್ತಿರುತ್ತದೆ. ಈ ಕತೆ ಕೇಳಿದ ಮಗಳು ಓಡಿ ಬಂದು ತನ್ನ ಶಾಲೆಯ ಬ್ಯಾಗನ್ನು ಅದರಲ್ಲಿ ಕೂರಿಸುತ್ತಾಳೆ. ನನ್ನ ಕನ್ನಡಕ್ಕೆಲ್ಲ ಮಲಯಾಳದಲ್ಲೇ ಉತ್ತರ ಕೊಡುವವಳು, ಅಜ್ಜಿಮನೆಯ ಈ ಒಂದು ಮಾತನ್ನು ಮಾತ್ರ ಇಟ್ಟುಕೊಂಡಿದ್ದಾಳೆ.